ಬೀಚ್ ಮರಗಳ ಕಾಡಿನ ಅಣಬೆ ಲೆಕ್ಕ: ಎರಡನೇ ವರ್ಷ

ಮೇ ಮೊದಲ ವಾರ, ರೊಟೊಯಿಟಿ ಸರೋವರ, ನ್ಯೂಜಿಲೆಂಡ್

ಹೋದ ವರ್ಷದ ಇಳಿಜಾರಿಗೇ ಮತ್ತೆ ಹೋಗಿ ಬಂದೆ. ಮೂರು ದಿನ ಸುರಿದ ಮಳೆ ಆಗಷ್ಟೇ ಬಿಟ್ಟಿತ್ತು. ಇದು ರಾಷ್ಟ್ರೀಯ ಉದ್ಯಾನ, ಅನುಮತಿ ಇಲ್ಲದೆ ಏನನ್ನೂ ಕೀಳುವಂತಿಲ್ಲ. ಹಾಗಾಗಿ ಫೋಟೊ, ಟಿಪ್ಪಣಿ ಅಷ್ಟೇ.

ಬೀಚ್ ಮರದ ಬುಡದಲ್ಲಿ ಈ ಸಲ 23 ಬಗೆ ಸಿಕ್ಕವು. ಅರ್ಧಕ್ಕಿಂತ ಜಾಸ್ತಿ ಕಾರ್ಟಿನೇರಿಯಸ್ ಕುಲದವು. ಇಲ್ಲಾಗಲಿ, ಚಿಲಿಯಲ್ಲಾಗಲಿ, ದಕ್ಷಿಣದ ಬೀಚ್ ಕಾಡಿನಲ್ಲಿ ಇದರದ್ದೇ ದರ್ಬಾರು. ಹೆಸರು ಹಿಡಿಯಲು ಆಗಿದ್ದು ನಾಲ್ಕಕ್ಕೆ ಮಾತ್ರ. ಇನ್ನೂ ಹೆಸರೇ ಇಡದ ಬಗೆಗಳು ಈ ಕಾಡುಗಳಲ್ಲಿ ಎಷ್ಟೋ ಇವೆ.

ಆ ನಾಲ್ಕರಲ್ಲಿ ಒಂದು ಕಾರ್ಟಿನೇರಿಯಸ್ ಪಾರ್ಫಿರಾಯ್ಡಿಯಸ್. ಮೊದಲು ನೋಡಿದಾಗ ತರಗೆಲೆ ಮೇಲೆ ನೇರಳೆ ಹಣ್ಣು ಬಿದ್ದಿದೆ ಅಂದುಕೊಂಡೆ. ಮಂಡಿಯೂರಿ ನೋಡಿದರೆ ಅಣಬೆ! ಇದರ ಟೊಪ್ಪಿ ಅರಳುವುದೇ ಇಲ್ಲ, ಚೀಲದ ಹಾಗೆ ಮುಚ್ಚಿಕೊಂಡೇ ಇರುತ್ತದೆ. ಗಾಳಿಗೆ ಬೀಜಾಣು ಹಾರಿಸಲು ಆಗದು, ಯಾರಾದರೂ ತಿಂದು ಸಾಗಿಸಬೇಕು. ಮನುಷ್ಯ ಬರುವ ಮುಂಚೆ ಈ ದೇಶದ ಕಾಡಿನಲ್ಲಿ ಬಾವಲಿ ಬಿಟ್ಟರೆ ಬೇರೆ ಸಸ್ತನಿ ಇರಲಿಲ್ಲ. ಈ ಬಣ್ಣ ಮೋವಾದಂಥ ಹಕ್ಕಿಗಳನ್ನು ಸೆಳೆಯಲಿಕ್ಕೆ ಇರಬಹುದು ಅನ್ನುವ ಊಹೆ ಉಂಟು. ಮೋವಾ ಈಗಿಲ್ಲ. ಅಣಬೆ ಇನ್ನೂ ಕಾಯುತ್ತಿದೆ ಅನಿಸಿ ಸಂಕಟವಾಯಿತು.

ಈ ಅಣಬೆಗಳನ್ನು ಬಿಡುವ ಶಿಲೀಂಧ್ರ ಮರದ ಬೇರಿನ ಜೊತೆ ಬದುಕುತ್ತದೆ. ಉದ್ಯಾನದಲ್ಲಿ ಕೀಳುವಂತಿಲ್ಲವಲ್ಲ, ಬೇರು ನೋಡಿದ್ದು ಗೆಳೆಯರ ಜಮೀನಿನಲ್ಲಿ. ಬೀಚ್ ಸಸಿಯ ಎಳೆಬೇರನ್ನು ತೊಳೆದು ಲೆನ್ಸ್ ಹಿಡಿದರೆ, ತುದಿಗಳೆಲ್ಲ ಮೊಂಡಾಗಿ ಬಿಳಿ ಹತ್ತಿ ಸುತ್ತಿದ ಹಾಗಿದ್ದವು. ಅದೇ ಶಿಲೀಂಧ್ರದ ಕವಚ. ಮರ ಸಕ್ಕರೆ ಕೊಡುತ್ತದೆ, ಇದು ಮಣ್ಣಿನಿಂದ ಸಾರ ಹೀರಿ ಕೊಡುತ್ತದೆ. ನಮ್ಮ ಕರಾವಳಿಯ ಕಲ್ಲಣಬೆಯೂ ಹೀಗೇ ಮರದ ಬೇರಿನ ಜೊತೆ ಬದುಕುವುದು.

ಪಕ್ಕದ ರಿಮು ಮರದ ಬೇರು ಬೇರೆಯೇ. ಉದ್ದಕ್ಕೂ ರಾಗಿಕಾಳಿನಂಥ ಗಂಟುಗಳು. ಅದರ ಶಿಲೀಂಧ್ರ ಬೇರಿನ ಜೀವಕೋಶಗಳ ಒಳಗೇ ಹೊಕ್ಕಿರುತ್ತದೆ, ಅಣಬೆ ಬಿಡುವುದೇ ಇಲ್ಲ. ಅಂದರೆ ಸುಮ್ನೆ ಅಣಬೆ ಎಣಿಸಿದರೆ ಕಾಡಿನ ಒಂದು ಪಾಲು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ? ಟಿಪ್ಪಣಿಯಲ್ಲಿ ಇನ್ಮುಂದೆ ಸುತ್ತಲಿನ ಮರಗಳನ್ನೂ ಬರೆಯುತ್ತೇನೆ.

ವಾಪಸ್ ಬರುವಾಗ ದಾರಿ ಪಕ್ಕ ಕೆಂಪು ಟೊಪ್ಪಿ, ಬಿಳಿ ಚುಕ್ಕೆ. ಅಮಾನಿಟಾ ಮಸ್ಕೇರಿಯಾ, ಒಟ್ಟು ಏಳು. ಉತ್ತರದ ದೇಶಗಳಿಂದ ತಂದ ಮರಗಳ ಜೊತೆ ಬಂದದ್ದು. ಈಗ ಬೀಚ್ ಬೇರಿಗೂ ಒಗ್ಗಿಕೊಂಡಿದೆ. ಹೋದ ವರ್ಷ ಇಲ್ಲಿ ಒಂದೂ ಇರಲಿಲ್ಲ. ಜಾಗದ ಜಿಪಿಎಸ್ ಗುರುತು ಹಾಕಿಕೊಂಡಿದ್ದೇನೆ. ಜೂನ್‌ನಲ್ಲಿ ಮೊದಲು ಹೋಗುವುದು ಅಲ್ಲಿಗೇ.