ಮಾಗಿ ಚಳಿಯಲ್ಲಿ ಹೊಸ ಟೈರ್ ಪಳಗಿಸುತ್ತಿದ್ದೇನೆ

ಟೈರ್ ಹಾಕಿಸಿದ ದಿನ

ಪಲ್ಸರ್ 150ಗೆ ಎರಡೂ ಟೈರ್ ಹೊಸದಾಯಿತು. ಮುಂದೆ 2.75-17, ಹಿಂದೆ 100/90-17. ಗಾಡಿ ಜೊತೆ ಬಂದ ಅಳತೆಯನ್ನೇ ಉಳಿಸಿಕೊಂಡಿದ್ದೇನೆ. ಒಂದು ಸೈಜ್ ದಪ್ಪ ಹಾಕಿಸಿದರೆ ನೋಡೋಕೆ ಚೆಂದ, ನಿಜ. ಆದರೆ ರಿಮ್ ಅಗಲಕ್ಕೆ ಹೊಂದದ ಟೈರ್ ಹಿಸುಕಿಕೊಂಡು ಕೂರುತ್ತದೆ, ಅದರ ದುಂಡು ಕೆಡುತ್ತದೆ. ನನಗೆ ಬೇಕಾಗಿದ್ದು ಆ ದುಂಡೇ.

ಹಳೇ ಹಿಂದಿನ ಟೈರ್ ನಡುವೆ ಪೂರ್ತಿ ಚಪ್ಪಟೆಯಾಗಿತ್ತು. ಚಿತ್ರದುರ್ಗದಲ್ಲಿದ್ದು ಹೈವೇ ಓಡಾಡುವವರ ಟೈರ್ ಹೀಗೇ ಸವೆಯೋದು. ದಾವಣಗೆರೆಗೆ ಹೋದರೂ ಹಿರಿಯೂರಿಗೆ ಹೋದರೂ ಅದೇ ಹೈವೇ 48, ನೇರ ರಸ್ತೆ. ನಡುಭಾಗ ತೇಯುತ್ತಾ ಹೋಗುತ್ತದೆ, ಅಂಚು ಹಾಗೇ ಉಳಿಯುತ್ತದೆ. ಅಂಥ ಟೈರಿನಲ್ಲಿ ತಿರುವಿಗೆ ಗಾಡಿ ವಾಲಿಸಿದಾಗ ನಡುವೆ ಒಂದು ಮೆಟ್ಟಿಲು ದಾಟಿದಂತೆ ಕೈಗೆ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ಮೊದಲು ನೋಡಿದ್ದು ಟೈರ್ ತಯಾರಾದ ವಾರ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ನನ್ನದರಲ್ಲಿ 3425 ಇತ್ತು, ಅಂದರೆ 2025ರ 34ನೇ ವಾರ. ಹಿಂದಿನ ಟೈರಿನಲ್ಲಿ ಅದರ ಹತ್ತಿರವೇ 55ಪಿ ಅಂತ ಇದೆ. 55 ಅಂದರೆ 218 ಕೆ.ಜಿ. ಭಾರ ಹೊರಬಲ್ಲದು, ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ಸರಿ. ಆಮೇಲೆ ಬಾಣದ ಗುರುತು. ಚಕ್ರ ತಿರುಗುವ ದಿಕ್ಕಿಗೇ ಬಾಣ ಇರಬೇಕು. ಇದನ್ನು ಟೈರ್ ಕೂರಿಸುವ ಮುಂಚೆಯೇ ನೋಡಿಕೊಳ್ಳಬೇಕು, ಆಮೇಲೆ ಮತ್ತೆ ಬಿಚ್ಚೋದು ಅಂಗಡಿಯವರಿಗೂ ಕಷ್ಟ ನಮಗೂ ಕಷ್ಟ.

ನನ್ನದು ಟ್ಯೂಬ್ ಇರುವ ಹಳೇ ಮಾಡೆಲ್. ಟೈರ್ ಜೊತೆ ಟ್ಯೂಬನ್ನೂ ಹೊಸದೇ ಹಾಕಿಸಿದೆ. ಹಳೇ ಟ್ಯೂಬ್ ಹಿಗ್ಗಿರುತ್ತದೆ. ಹೊಸ ಟೈರ್ ಒಳಗೆ ಅದಕ್ಕೆ ಮಡಿಕೆ ಬೀಳುತ್ತದೆ, ಮುಂದೆ ಆ ಮಡಿಕೆಯಲ್ಲೇ ಸೀಳುತ್ತದೆ. ಅಂಗಡಿ ಅಣ್ಣ ಟ್ಯೂಬಿಗೆ ಪೌಡರ್ ಹಚ್ಚಿ, ಸ್ವಲ್ಪವೇ ಗಾಳಿ ಕೊಟ್ಟು ಒಳಗೆ ಸೇರಿಸಿದರು. ಟೈರ್ ಕೂರಿಸಿ ಪೂರ್ತಿ ಗಾಳಿ ತುಂಬಿದರು, ವಾಲ್ವ್ ಪಿನ್ ತೆಗೆದು ಎಲ್ಲಾ ಬಿಟ್ಟರು, ಮತ್ತೆ ತುಂಬಿದರು. ಹೀಗೆ ಮಾಡಿದರೆ ಒಳಗಿನ ಮಡಿಕೆ ಬಿಚ್ಚಿಕೊಳ್ಳುತ್ತದೆ. ನಾನು ಕೇಳದೇ ಅವರಾಗಿಯೇ ಮಾಡಿದ್ದು ನೋಡಿ ಖುಷಿಯಾಯಿತು.

ರಿಮ್ ಪಕ್ಕದಲ್ಲಿ ಟೈರ್ ಮೇಲೆ ಒಂದು ತೆಳು ಗೆರೆ ಸುತ್ತಲೂ ಓಡಿರುತ್ತದೆ. ಆ ಗೆರೆಗೂ ರಿಮ್‌ಗೂ ಎಲ್ಲಾ ಕಡೆ ಒಂದೇ ಅಂತರ ಇದ್ದರೆ ಟೈರ್ ಸರಿಯಾಗಿ ಕೂತಿದೆ ಎಂದರ್ಥ. ಚಕ್ರ ತಿರುಗಿಸಿ ಎರಡೂ ಕಡೆ ನೋಡಿದೆ. ಸರಿ ಇತ್ತು.

ಅಷ್ಟರಲ್ಲಿ ಅಲ್ಲಿನ ಹುಡುಗ ಪಾಲಿಶ್ ಡಬ್ಬಿ ಹಿಡಿದು ಬಂದ.

“ಅಣ್ಣಾ, ಮಿರಮಿರ ಅನ್ನೋ ಹಂಗೆ ಒರೆಸಿ ಕೊಡ್ಲಾ?”

“ಬೇಡಪ್ಪ. ಪಕ್ಕಕ್ಕೂ ಬೇಡ.”

ಪಕ್ಕಕ್ಕೆ ಹಚ್ಚಿದ ಪಾಲಿಶ್ ಓಡಿಸುವಾಗ ಅಂಚಿಗೆ ಹರಡುತ್ತದೆ. ಹೊಸ ಟೈರ್ ಮೊದಲೇ ನುಣುಪು. ಅದರ ಮೇಲೆ ಎಣ್ಣೆ ಜಿಡ್ಡು ಯಾಕೆ ಅಲ್ವಾ?

ಹೊರಡುವ ಮುಂಚೆ ಮುಂದಿನ ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಒತ್ತಿದೆ. ಚಕ್ರ ಬಿಚ್ಚಿ ಹಾಕಿದಾಗ ಬ್ರೇಕ್ ಪ್ಯಾಡ್ ಡಿಸ್ಕಿನಿಂದ ದೂರ ಸರಿದಿದ್ದರೆ ಮೊದಲ ಸಲ ಲಿವರ್ ಸುಮ್ನೆ ಹ್ಯಾಂಡಲ್ ತನಕ ಬಂದುಬಿಡುತ್ತದೆ. ಹಿಂದಿನ ಡ್ರಮ್ ಬ್ರೇಕ್ ರಾಡ್, ಚೈನ್ ಲೂಸ್, ಚೈನ್ ಅಡ್ಜಸ್ಟರ್ ಗುರುತು ಎರಡೂ ಕಡೆ ಒಂದೇ ಇದೆಯಾ, ಇಷ್ಟು ನೋಡಿಕೊಂಡು ಹೊರಟೆ.

ಪಳಗಿಸೋದು ಯಾಕೆ

ಹೊಸ ಟೈರ್ ಅಚ್ಚಿನಿಂದ ಬಂದದ್ದು. ಅದರ ಮೇಲ್ಮೈ ನಯವಾಗಿರುತ್ತದೆ. ರಸ್ತೆಗೆ ಉಜ್ಜಿ ಆ ನಯ ಹೋಗಿ, ರಬ್ಬರ್ ಸ್ವಲ್ಪ ಒರಟಾದ ಮೇಲೆಯೇ ಅದರ ಹಿಡಿತ ಪೂರ್ತಿ ಸಿಗೋದು. ಒಳಗಿನ ಪದರಗಳೂ ಮಡಿಚಿ ಬಿಚ್ಚಿ ಹೊಂದಿಕೊಳ್ಳಬೇಕು. ಅದಕ್ಕೇ ಮೊದಲ 100ರಿಂದ 160 ಕಿ.ಮೀ. ಮೆಲ್ಲಗೆ ಓಡಿಸಿ ಅಂತ ಟೈರ್ ಕಂಪನಿಗಳು ಹೇಳುತ್ತವೆ.

ಕೆಲವರು ಸ್ಯಾಂಡ್ ಪೇಪರ್ ಹಿಡಿದು ಉಜ್ಜುತ್ತಾರೆ. ಪೆಟ್ರೋಲ್ ಹಾಕಿ ಒರೆಸುವವರೂ ಇದ್ದಾರೆ. ಪೆಟ್ರೋಲ್ ರಬ್ಬರನ್ನೇ ಹಾಳು ಮಾಡುತ್ತದೆ. ರಸ್ತೆ ಮಾಡುವ ಕೆಲಸವನ್ನು ರಸ್ತೆಗೇ ಬಿಡೋದು ಒಳ್ಳೇದು.

ನನಗೆ ಈ ಕಿಲೋಮೀಟರ್ ಲೆಕ್ಕವೊಂದೇ ಸಾಲದು ಅನಿಸುತ್ತದೆ. ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗಿ ಬಂದು, ಮತ್ತೊಂದು ಸಲ ಹೋಗಿ ಬಂದರೆ 160 ಮುಗಿದೇ ಹೋಗುತ್ತದೆ. ಆದರೆ ಪಳಗಿದ್ದು ನಡುವಿನ ಪಟ್ಟಿ ಮಾತ್ರ. ಅಂಚು ಅಂಗಡಿಯಿಂದ ಬಂದ ಹಾಗೇ ಇರುತ್ತದೆ. ಮುಂದೊಂದು ದಿನ ನಾಯಿ ಅಡ್ಡ ಬಂತು ಅಂತ ಜೋರಾಗಿ ವಾಲಿಸಿದಾಗ ರಸ್ತೆ ಮುಟ್ಟೋದು ಆ ಅಂಚೇ. ಅದಕ್ಕೆ ಈ ಸಲ ಕಿಲೋಮೀಟರಿಗಿಂತ ಅಂಚಿನ ಕಡೆ ಗಮನ ಕೊಡೋದು ಅಂತ ತೀರ್ಮಾನ ಮಾಡಿದ್ದೇನೆ.

ಊರೊಳಗೆ

ಮೊದಲು ಓಡಿಸಿದ್ದೆಲ್ಲಾ ಊರೊಳಗೆ. ಗಾಂಧಿ ಸರ್ಕಲ್, ಬಿ.ಡಿ. ರಸ್ತೆ, ಮೆದೇಹಳ್ಳಿ ರಸ್ತೆ. ದುಂಡು ಟೈರಿನ ವ್ಯತ್ಯಾಸ ತಕ್ಷಣ ಗೊತ್ತಾಯಿತು. ಹ್ಯಾಂಡಲ್ ಸ್ವಲ್ಪ ತಳ್ಳಿದರೆ ಸಾಕು, ಗಾಡಿ ತಾನಾಗಿ ವಾಲುತ್ತದೆ. ಚಪ್ಪಟೆ ಟೈರಿಗೆ ಒಗ್ಗಿದ ಕೈಗೆ ಇದು ಜಾಸ್ತಿ ಅನಿಸುತ್ತದೆ. ಟೈರ್ ಜಾರಿತೇನೋ ಅಂತ ಗಾಬರಿ ಆಗೋದು ಇಲ್ಲೇ. ಅದು ಜಾರಿಕೆಯಲ್ಲ, ಬದಲಾದ ಆಕಾರ. ಒಂದೆರಡು ದಿನದಲ್ಲಿ ಕೈ ಹೊಂದಿಕೊಳ್ಳುತ್ತದೆ.

ಬ್ರೇಕ್ ಮಾತ್ರ ಮೊದಲು ಮೆತ್ತಗೆ, ಆಮೇಲೆ ನಿಧಾನಕ್ಕೆ ಗಟ್ಟಿಯಾಗಿ. 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ನನ್ನದು ಅದಕ್ಕೂ ಹಳೇದು. ಚಕ್ರ ಲಾಕ್ ಆದರೆ ಬಿಡಿಸೋದು ನನ್ನ ಬೆರಳೇ. ಹಂಪ್ ಮೇಲಿನ ಹಳದಿ ಬಣ್ಣ, ಸರ್ಕಲ್ಲಿನ ಬಿಳಿ ಪಟ್ಟಿ, ಇವುಗಳ ಮೇಲೆ ಬ್ರೇಕ್ ಮುಟ್ಟದೇ ದಾಟುತ್ತೇನೆ. ಬೆಳಗ್ಗೆ ಇಬ್ಬನಿ ಬಿದ್ದಿದ್ದರೆ ಆ ಬಣ್ಣ ಇನ್ನೂ ಜಾರು.

ಚಳಿ, ಗಾಳಿ, ಗೇಜು

ಮಾಗಿ ಚಳಿ ಈ ಕೆಲಸವನ್ನು ಸ್ವಲ್ಪ ಕಷ್ಟ ಮಾಡುತ್ತದೆ. ತಣ್ಣಗಿರುವ ರಬ್ಬರ್ ಗಡುಸು. ರಸ್ತೆಯ ಸಣ್ಣ ಸಣ್ಣ ಏರುತಗ್ಗಿಗೆ ಅದು ಒತ್ತಿ ಕೂರುವುದಿಲ್ಲ. ಓಡುತ್ತಾ ಓಡುತ್ತಾ ಟೈರ್ ಮಡಿಚಿ ಬಿಚ್ಚಿ ತಾನೇ ಬಿಸಿಯಾಗುತ್ತದೆ, ಆಗ ಮೆತ್ತಗಾಗುತ್ತದೆ. ಬೆಳಗ್ಗೆ ಚಳಿಯಲ್ಲಿ ಈ ಬಿಸಿ ಬರೋದೇ ತಡ. ಬಂದರೂ ಮೂಡಗಾಳಿ ಎಳೆದುಕೊಂಡು ಹೋಗುತ್ತದೆ. ನಮ್ಮ ಬೆಟ್ಟದ ಗಾಳಿ ಗಿರಣಿಗಳು ಜೋರಾಗಿ ತಿರುಗೋದು ಆಷಾಢದಲ್ಲಿ. ಆದರೆ ಗಾಡಿ ಓಡಿಸುವವರ ಕೈ ಮರಗಟ್ಟಿಸೋದು ಈ ಪುಷ್ಯದ ಗಾಳಿ. ಐಮಂಗಲದ ಹತ್ತಿರ ಬಯಲಲ್ಲಿ ಬೆಳಗ್ಗೆ ಹೋದವರಿಗೆ ಗೊತ್ತು.

ಟೈರ್ ಬಿಸಿಯಾಗಲಿ ಅಂತ ಹಾವಿನಂತೆ ಎಡಕ್ಕೂ ಬಲಕ್ಕೂ ಓಲಾಡಿಸಿಕೊಂಡು ಹೋಗುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಅದರಿಂದ ಬರೋ ಬಿಸಿ ಸ್ವಲ್ಪವೇ, ಅಪಾಯ ಜಾಸ್ತಿ. ನೇರ ಹೋಗುತ್ತಾ ಹದವಾಗಿ ವೇಗ ಏರಿಸಿ, ಹದವಾಗಿ ಬ್ರೇಕ್ ಹಿಡಿದರೆ ಅದಕ್ಕಿಂತ ಚೆನ್ನಾಗಿ ಬಿಸಿಯಾಗುತ್ತದೆ. ನಿಲ್ಲಿಸಿದಾಗ ಅಂಗೈ ಇಟ್ಟು ನೋಡುತ್ತೇನೆ. ಎಂಜಿನ್ ತಿರುಗಿಸೋದು ಹಿಂದಿನ ಚಕ್ರವನ್ನು, ಹಾಗಾಗಿ ಅದು ಬೇಗ ಬೆಚ್ಚಗಾಗುತ್ತದೆ. ಮುಂದಿನದು ಬೆಳಗಿನ ಹೊತ್ತು ತಣ್ಣಗೇ ಇರುತ್ತದೆ. ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳೋಕೆ ಸಮಯವೇ ಸಿಗಲ್ಲ, ಅದಕ್ಕೆ ನಾನು ನಂಬೋದು ಮುಂದಿನ ಟೈರಿನ ಬಿಸಿಯನ್ನೇ.

ಈ ಗಾಡಿಗೆ ಹೊಡೆಸಬೇಕಾದ ಗಾಳಿಯ ಒತ್ತಡ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರೇ ಆದರೆ 28, ಇಬ್ಬರಿದ್ದರೆ 32. ಇದು ತಣ್ಣಗಿರುವ ಟೈರಿನ ಲೆಕ್ಕ. ಮಧ್ಯಾಹ್ನ 30 ಡಿಗ್ರಿಯಲ್ಲಿ 28 ಹೊಡೆಸಿದರೆ, ಮುಂಜಾನೆ 15 ಡಿಗ್ರಿಗೆ ಇಳಿದಾಗ ಸುಮಾರು 2 ಪಿಎಸ್‌ಐ ತಾನಾಗಿ ಕಮ್ಮಿ ತೋರಿಸುತ್ತದೆ. ಟ್ಯೂಬ್ ಸೋರಿಲ್ಲ, ಒಳಗಿನ ಗಾಳಿ ತಣ್ಣಗಾಗಿದೆ ಅಷ್ಟೇ. ಬಂಕಿನ ತನಕ ಓಡಿಸಿಕೊಂಡು ಹೋಗುವಷ್ಟರಲ್ಲಿ ಟೈರ್ ಬೆಚ್ಚಗಾಗಿ ಅಲ್ಲಿ ಬೇರೆಯೇ ಅಂಕಿ ಬರುತ್ತದೆ. ಅದಕ್ಕೆ ಮನೆಯಲ್ಲೇ ಒಂದು ಸಣ್ಣ ಗೇಜು ಮತ್ತೆ ಕಾಲಿನ ಪಂಪು ಇಟ್ಟುಕೊಂಡಿದ್ದೇನೆ. ಹಿಡಿತ ಸಿಗಲಿ ಅಂತ ಗಾಳಿ ಕಮ್ಮಿ ಮಾಡೋದು ನನಗೆ ಒಪ್ಪಿಗೆಯಿಲ್ಲ. ನಮ್ಮ ಗುಂಡಿಗಳಲ್ಲಿ ಟ್ಯೂಬ್ ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ.

ಸೀಮೆಸುಣ್ಣದ ಗೆರೆ

ಟೈರ್ ಎಲ್ಲಿಯ ತನಕ ರಸ್ತೆ ಮುಟ್ಟುತ್ತಿದೆ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಮಗಳ ಸ್ಲೇಟಿನ ಪಕ್ಕದಲ್ಲಿದ್ದ ಸೀಮೆಸುಣ್ಣ ತೆಗೆದುಕೊಂಡು ಟೈರ್ ಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡ ಗೆರೆ ಎಳೆದೆ. ಒಂದು ಸುತ್ತು ಹೋಗಿ ಬಂದರೆ ರಸ್ತೆ ಮುಟ್ಟಿದಷ್ಟೂ ಗೆರೆ ಅಳಿಸಿರುತ್ತದೆ.

ಊರೊಳಗೆ ಓಡಿಸಿದ ಮೇಲೆ ನೋಡಿದರೆ ನಡುವಿನ ಮೂರು ಬೆರಳಗಲ ಅಳಿಸಿತ್ತು, ಎರಡೂ ಅಂಚಲ್ಲಿ ಬಿಳಿ ಹಾಗೇ ಇತ್ತು. ಹೈವೇಯಲ್ಲಿ ಹೋಗಿ ಬಂದಾಗ ಅಳಿಸಿದ್ದು ಅದಕ್ಕಿಂತಲೂ ಕಮ್ಮಿ. ಸರ್ಕಲ್ ಸುತ್ತುವಾಗ ನಾವು ಬಲಕ್ಕೆ ವಾಲುತ್ತೇವೆ, ಹಾಗಾಗಿ ಊರೊಳಗಿನ ಓಡಾಟದಲ್ಲಿ ಬಲಭಾಗ ಸ್ವಲ್ಪ ಜಾಸ್ತಿ ಅಳಿಸುತ್ತದೆ. ಇದನ್ನು ಕಣ್ಣಾರೆ ನೋಡಿದಾಗ ತುಂಬಾ ಸಂತೋಷವಾಯಿತು. ಮುಂದಿನ ಟೈರಿನಲ್ಲಿ ಅಳಿಸುವ ಅಗಲ ಹಿಂದಿನದಕ್ಕಿಂತ ಯಾವಾಗಲೂ ಕಮ್ಮಿಯೇ ಬಂದಿದೆ.

ಹೊಳಲ್ಕೆರೆ ಕಡೆ

ಹೊಳಲ್ಕೆರೆ ರಸ್ತೆಯಿಂದ ಒಳಗಿನ ಹಳ್ಳಿ ರಸ್ತೆಗಳಿಗೆ ಹೋದೆ, ಸಣ್ಣ ತಿರುವುಗಳು ಸಿಗುತ್ತವೆ ಅಂತ. ಆದರೆ ಇದು ಒಕ್ಕಣೆ ಕಾಲ. ರಾಗಿ, ಹುರುಳಿ ಎಲ್ಲಾ ರಸ್ತೆ ಮೇಲೇ ಹಾಸಿರುತ್ತಾರೆ. ರೈತರನ್ನು ಬೈದು ಪ್ರಯೋಜನವಿಲ್ಲ. ಕಣ ಮಾಡೋಕೆ ಜಾಗ, ಆಳು ಎರಡೂ ಇಲ್ಲದ ಮನೆಗಳೇ ಜಾಸ್ತಿ. ಆದರೆ ಬೈಕಿನವರಿಗೆ ಹುಲ್ಲಿನ ಮೇಲೆ ಹಿಡಿತವೇ ಇರಲ್ಲ. ಹುಲ್ಲು ತೆಗೆದ ಮೇಲೆ ಉಳಿಯುವ ಕಾಳು ಇನ್ನೂ ಅಪಾಯ, ಚಕ್ರದಡಿ ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ.

ಇಂಥ ಕಡೆ ದೂರದಲ್ಲೇ ವೇಗ ಇಳಿಸಬೇಕು. ಹುಲ್ಲಿನ ಮೇಲೆ ಬಂದ ಮೇಲೆ ಬ್ರೇಕ್ ಇಲ್ಲ, ವಾಲಿಸೋದಿಲ್ಲ, ಆಕ್ಸಿಲರೇಟರ್ ಏರಿಸೋದಿಲ್ಲ. ಗಾಡಿ ನೆಟ್ಟಗೆ ಇಟ್ಟುಕೊಂಡು ದಾಟೋದು. ದಾಟಿದ ಮೇಲೆ ನಿಲ್ಲಿಸಿ ಚೈನ್ ಹತ್ತಿರ, ಸೈಲೆನ್ಸರ್ ಹತ್ತಿರ ಹುಲ್ಲು ಸಿಕ್ಕಿದೆಯಾ ನೋಡೋದು. ಬಿಸಿ ಸೈಲೆನ್ಸರಿಗೆ ಒಣ ಹುಲ್ಲು ಅಂಟಿದರೆ ಬೆಂಕಿ ಹತ್ತಬಹುದು.

ನಾನು ಹೀಗೆ ಬಗ್ಗಿ ನೋಡುವಾಗ ರಾಗಿ ತೂರುತ್ತಿದ್ದ ಅಜ್ಜಿ ಕೇಳಿದರು, “ಯಾಕಪ್ಪಾ, ಗಾಡಿ ಕೆಟ್ಟೋಯ್ತಾ?”

“ಇಲ್ಲ ಅಜ್ಜಿ, ಹುಲ್ಲು ಸಿಕ್ಕಿದೆಯೇನೋ ಅಂತ ನೋಡ್ತಿದೀನಿ.”

“ಮೆಲ್ಲಗೆ ಹೋಗಪ್ಪಾ. ಮುಂದೆ ತಿರುವಲ್ಲೂ ಹಾಕವ್ರೆ.”

ತಿರುವಲ್ಲೂ ಹಾಕಿದ್ದರು. ಅಂಚು ಪಳಗಿಸೋಕೆ ಈ ರಸ್ತೆಗಳು ಈ ತಿಂಗಳು ಬೇಡ ಅಂತ ವಾಪಸ್ ತಿರುಗಿದೆ.

ಜೋಗಿಮಟ್ಟಿ ರಸ್ತೆ

ಸರಿಯಾದ ಜಾಗ ಊರ ಪಕ್ಕದಲ್ಲೇ ಇದೆ. ಜೋಗಿಮಟ್ಟಿ ಕಡೆ, ಆಡುಮಲ್ಲೇಶ್ವರಕ್ಕೆ ಹೋಗುವ ರಸ್ತೆ. ಏರು, ತಿರುವು ಎರಡೂ ಇವೆ. ಇಲ್ಲಿ ವೇಗ ಬೇಕಾಗಿಲ್ಲ. ತಿರುವು ಚಿಕ್ಕದಿದ್ದರೆ 30 ಕಿ.ಮೀ. ವೇಗದಲ್ಲೂ ಟೈರ್ ಸಾಕಷ್ಟು ವಾಲುತ್ತದೆ. ಅಂಚು ಪಳಗಿಸೋಕೆ ಇದೇ ಒಳ್ಳೇ ದಾರಿ ಅಂತ ನನ್ನ ಅಭಿಪ್ರಾಯ.

ಹೋಗೋದು ಹನ್ನೊಂದರ ನಂತರ. ಅಷ್ಟೊತ್ತಿಗೆ ಬಿಸಿಲು ಬಿದ್ದು ರಸ್ತೆ ಬೆಚ್ಚಗಾಗಿರುತ್ತದೆ. ಆದರೂ ಮರದ ನೆರಳಿನ ತಿರುವುಗಳಲ್ಲಿ ರಸ್ತೆ ತಣ್ಣಗೇ ಇರುತ್ತದೆ, ಒಣಗಿದ ಎಲೆಯೂ ಬಿದ್ದಿರುತ್ತದೆ. ಮೊದಲ ಸಲ ಏರುವಾಗ ಎಲೆ, ಮರಳು ಎಲ್ಲೆಲ್ಲಿದೆ ಅಂತ ನೋಡಿಕೊಂಡು ಬರೋದು. ಮುಂದಿನ ಸುತ್ತಿನಲ್ಲಿ ಒಣಗಿದ, ಬಿಸಿಲಿರುವ ತಿರುವುಗಳಲ್ಲಿ ಮಾತ್ರ ಸ್ವಲ್ಪ ಜಾಸ್ತಿ ವಾಲಿಸೋದು. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ಒಂದೇ ಸಮ ಆಕ್ಸಿಲರೇಟರ್ ಹಿಡಿದು ದಾಟೋದು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಒಂದು ಚೂರು ಜಾಸ್ತಿ. ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ.

ಸೀಮೆಸುಣ್ಣ ಅಳಿಸುವ ಗಡಿ ಈಗ ಹೊರಕ್ಕೆ ಸರಿಯುತ್ತಿದೆ. ಹಿಂದಿನ ಟೈರಿನಲ್ಲಿ ಎರಡೂ ಕಡೆ ಕಿರುಬೆರಳಗಲ ಮಾತ್ರ ಹೊಳಪು ಉಳಿದಿದೆ. ಉಳಿದ ಕಡೆ ರಬ್ಬರ್ ಮಸುಕು ಕಪ್ಪಾಗಿ, ಕೈ ಆಡಿಸಿದರೆ ತರಿತರಿ. ಟೈರಿನ ಆ ಸಣ್ಣ ರಬ್ಬರ್ ಕೂದಲುಗಳು ಅಂಚಿನಲ್ಲಿ ಇನ್ನೂ ಇವೆ, ನಡುವೆ ಇಲ್ಲ. ಉಳಿದ ಆ ಕಿರುಬೆರಳಗಲದ ಬೆನ್ನು ಹತ್ತುವುದಿಲ್ಲ. ದಿನದ ಓಡಾಟಕ್ಕೆ ಅಷ್ಟು ವಾಲಿಸುವ ಪ್ರಸಂಗವೇ ಬರಲ್ಲ. ಅದನ್ನೂ ಅಳಿಸಬೇಕು ಅಂತ ಹಟ ಮಾಡಿದರೆ ಫುಟ್‌ರೆಸ್ಟ್ ನೆಲಕ್ಕೆ ತಾಗುತ್ತದೆ.

ಈಗ ಎಲ್ಲಿದ್ದೇನೆ

ಓಡಿದ್ದು 200 ಕಿ.ಮೀ. ದಾಟಿದೆ. ಚೈನ್ ಮತ್ತೆ ನೋಡಿದೆ, ಸ್ವಲ್ಪ ಲೂಸ್ ಆಗಿತ್ತು, ಸರಿ ಮಾಡಿದೆ. ಆಕ್ಸಲ್ ನಟ್ ಬಿಗಿಯಾಗಿದೆ. ಹ್ಯಾಂಡಲ್ ನಡುಕ ಎಲ್ಲೂ ಇಲ್ಲ. ರಿಮ್ ಪಕ್ಕದ ಗೆರೆ ಮೊದಲಿನಂತೆಯೇ ಸಮ ಇದೆ. ಮುಂದಿನ ಟೈರಿನ ಎಡ ಅಂಚು ಮಾತ್ರ ಇನ್ನೂ ಹೊಸದರಂತೆ ಇದೆ. ಅದಕ್ಕೆ ಆಡುಮಲ್ಲೇಶ್ವರದ ರಸ್ತೆಗೆ ಇನ್ನೂ ಕೆಲವು ಮಧ್ಯಾಹ್ನ ಹೋಗಬೇಕು.

ಇಲ್ಲಿಯ ತನಕ ಹಿಂದೆ ಯಾರನ್ನೂ ಕೂರಿಸಿಲ್ಲ. ಸಂಕ್ರಾಂತಿಗೆ ಹೊಸದುರ್ಗಕ್ಕೆ ತವರಿಗೆ ಹೋಗಬೇಕು ಅಂತ ಮನೆಯವಳು ಹೇಳುತ್ತಿದ್ದಾಳೆ, “ರೀ, ಬೈಕಲ್ಲೇ ಹೋಗೋಣ್ವಾ?” ಅಂತ. ಹೋಗೋಣ ಅಂದಿದ್ದೇನೆ. ಹಿಂದೆ ಭಾರ ಬಿದ್ದರೆ ಟೈರ್ ಒತ್ತುವ ರೀತಿಯೇ ಬದಲಾಗುತ್ತದೆ, ಬ್ರೇಕಿಗೂ ಜಾಸ್ತಿ ದೂರ ಬೇಕು. ಹಿಂದಿನ ದಿನವೇ ಊರೊಳಗೆ ಇಬ್ಬರೂ ಒಂದು ಸುತ್ತು ಹೋಗಿ ಬರಬೇಕು. ಹೊರಡುವ ದಿನ ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ಹಿಂದಕ್ಕೆ 32 ಹೊಡೆದು, ಬಿಸಿಲು ಏರಿದ ಮೇಲೆ ಹೊರಡೋದು.