ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಮೊದಲು ರೈಟರ ಹತ್ರ ಹೋಗಿ

2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೇ ಕಾನೂನುಗಳು ಅವುಗಳೊಳಗೆ ಸೇರಿಹೋದವು. ನಮ್ಮ ಕಾಫಿ ತೋಟಗಳಿಗೆ ಇಷ್ಟು ವರ್ಷ ಅನ್ವಯಿಸುತ್ತಿದ್ದ 1951ರ ತೋಟ ಕಾರ್ಮಿಕರ ಕಾಯ್ದೆಯೂ ಅವುಗಳಲ್ಲಿ ಒಂದು. ಕೊಡಗಿನಲ್ಲಿ ಎಚ್‌ಆರ್ ಕೆಲಸ ಮಾಡುವ ನಾವು, ತೋಟ ಇರಲಿ, ರೆಸಾರ್ಟ್ ಇರಲಿ, ಸಾಫ್ಟ್‌ವೇರ್ ಬದಲಿಸಿ ಸುಮ್ನೆ ಒಂದು ಸರ್ಕ್ಯುಲರ್ ಕಳಿಸಿದರೆ ಸಾಲದು. ತಯಾರಿ ಶುರುವಾಗಬೇಕಾದ್ದು ತೋಟದಲ್ಲಿ ಹಾಜರಿ ಬರೆಯುವ ರೈಟರಿಂದ.

ಒಂದು ನಿಯಮ ನೋಡಿ. ಕೆಲಸ ಬಿಟ್ಟವರ ಸಂಬಳ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ರಾಜೀನಾಮೆ ಕೊಟ್ಟವರಿಗೂ ಅಷ್ಟೇ. ಆದರೆ ಎಷ್ಟೋ ಕಡೆ ರೈಟರು ಚೆಕ್‌ರೋಲ್ (ಹಾಜರಿ ಪಟ್ಟಿ) ಬರೆದು, ವಾರದ ಕೊನೆಗೆ ಮ್ಯಾನೇಜರ್ ಸಹಿ ಹಾಕಿ, ಅದು ಮಡಿಕೇರಿ ಆಫೀಸಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಹೋಗಿ ಆಮೇಲೆ ದುಡ್ಡು ಬರುತ್ತೆ. ಜುಲೈ ಮಳೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಎರಡು ದಿನದಲ್ಲಿ ಇದು ಮುಗಿಯುತ್ತಾ? ಅದಕ್ಕೇ ಕೊನೆಯ ಲೆಕ್ಕ ಮುಗಿಸುವ ಅಧಿಕಾರವನ್ನ ತೋಟದ ಮ್ಯಾನೇಜರಿಗೇ ಕೊಡಿ. ಹಾಜರಿ ದಿನಾ ಸಂಜೆ ಆಫೀಸಿಗೆ ಮುಟ್ಟಲಿ.

ಇನ್ನು ಸಂಬಳದ ಚೀಟಿ. ತಿಂಗಳಿಗೆ 20,000 ರೂಪಾಯಿ ಬರುವ ಒಬ್ಬರಿಗೆ ಮೂಲ ವೇತನ 8,000, ಉಳಿದ 12,000 ಭತ್ಯೆ ಅಂತಿಟ್ಟುಕೊಳ್ಳಿ. ಹೊಸ ಲೆಕ್ಕದಲ್ಲಿ ವೇತನದಿಂದ ಹೊರಗಿಡಬಹುದಾದ ಭತ್ಯೆ ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಇರುವಂತಿಲ್ಲ, ಹಾಗಾಗಿ 2,000 ವೇತನಕ್ಕೆ ಸೇರಿ 10,000 ಆಗುತ್ತೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಲೆಕ್ಕ ಇದರ ಮೇಲೆ. ನಿಗದಿತ ಅವಧಿಗೆ ಸೇರಿದವರು ಒಂದು ವರ್ಷ ಪೂರೈಸಿದರೂ ಅದು ಸಿಗಬೇಕು, ಅಂದ್ರೆ ಈ ಉದಾಹರಣೆಯಲ್ಲಿ ಸುಮಾರು 5,769 ರೂಪಾಯಿ. ರೆಸಾರ್ಟ್‌ಗಳು ಈ ದುಡ್ಡನ್ನ ಈಗಲೇ ಬಜೆಟ್‌ನಲ್ಲಿ ತೆಗೆದಿಡಬೇಕು, ಹನ್ನೊಂದು ತಿಂಗಳಿಗೆ ಜನರನ್ನ ಕಳಿಸಿ ತಪ್ಪಿಸಿಕೊಳ್ಳುವ ದಾರಿ ಹುಡುಕಬಾರದು. ಅದು ಅನ್ಯಾಯ.

ವೇತನದ ಲೆಕ್ಕ ಹೆಚ್ಚಾದರೆ ಪಿಎಫ್ ಕಡಿತವೂ ಹೆಚ್ಚಿ ಕೈಗೆ ಬರುವ ದುಡ್ಡು ಕಮ್ಮಿಯಾಗುತ್ತಂತೆ ಅನ್ನೋ ಸುದ್ದಿ ಕಾರ್ಮಿಕರು ಇರುವ ಲೈನ್ ಮನೆಗಳಿಗೆ ನಮಗಿಂತ ಮೊದಲು ತಲುಪುತ್ತೆ. 15,000 ರೂಪಾಯಿ ಮಿತಿಯನ್ನೇ ಲೆಕ್ಕಕ್ಕೆ ಹಿಡಿದು ಪಿಎಫ್ ಕಟ್ಟುವವರಿಗೆ ಹಾಗಾಗಲ್ಲ. ಹಳೇ ಚೀಟಿ, ಹೊಸ ಚೀಟಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ನೇಮಕಾತಿ ಪತ್ರವೂ ಈಗ ಎಲ್ಲರಿಗೂ ಕಡ್ಡಾಯ. ಕುಯ್ಲಿಗೆ ಅಸ್ಸಾಂನಿಂದ ಬಂದವರ ಕೈಗೆ ಇಂಗ್ಲಿಷ್ ಪತ್ರ ಕೊಟ್ಟು ಹೆಬ್ಬೆಟ್ಟು ಒತ್ತಿಸಬೇಡಿ. ಅವರ ಭಾಷೆ ಬಲ್ಲವರನ್ನ ಕೂರಿಸಿ, ಓದಿ ಹೇಳಿ, ಒಂದು ಪ್ರತಿ ಅವರ ಹತ್ರಾನೇ ಇರಲಿ.