ಏನೂ ಇಲ್ಲದ ಬೀಚಿಗೆ ಪ್ಲ್ಯಾನು

ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗ್ತೀವಿ ಅಂದ್ರೆ ಇಲ್ಲಿ ನ್ಯೂಜೆರ್ಸಿಯಲ್ಲಿ ಎಲ್ಲರೂ ಕೇಳೋದು ಒಂದೇ, "ಪುಂತಾ ಕಾನಾದಲ್ಲಿ ಯಾವ ರಿಸಾರ್ಟು?" ಕೈಗೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡು, ಮೂರು ಹೊತ್ತೂ ಬಫೆ ತಿಂದು, ಈಜುಕೊಳದ ಪಕ್ಕ ಮಲಗೆದ್ದು ಬರುವುದು. ತಪ್ಪೇನಿಲ್ಲ, ನಾವೂ ಮಾಡಿದ್ದೇವೆ. ಈ ಸಲ ನನ್ನ ಕಣ್ಣು ಬಿದ್ದಿದ್ದು ಮ್ಯಾಪಿನ ಇನ್ನೊಂದು ತುದಿಗೆ. ದೇಶದ ನೈಋತ್ಯ ಮೂಲೆ, ಹೈತಿ ಗಡಿಗೆ ಅಂಟಿಕೊಂಡ ಪೆದೆರ್ನಾಲೆಸ್ ಪ್ರಾಂತ್ಯ. ಅಲ್ಲಿ ಬಾಹಿಯಾ ದೆ ಲಾಸ್ ಆಗಿಲಾಸ್ ಅಂತ ಸುಮಾರು 8 ಕಿಲೋಮೀಟರ್ ಉದ್ದದ ಬಿಳಿ ಮರಳಿನ ದಂಡೆ. ಹೋಟೆಲ್ ಇಲ್ಲ, ಅಂಗಡಿ ಇಲ್ಲ, ಟಾರು ರಸ್ತೆಯೂ ಇಲ್ಲ.

ಇಷ್ಟು ಚೆಂದದ ಜಾಗ ಹೀಗೆ ಖಾಲಿ ಉಳಿದಿದ್ದು ಹೇಗೆ? ಮೊದಲ ಕಾರಣ, ಅದು ಹರಾಗುವಾ ರಾಷ್ಟ್ರೀಯ ಉದ್ಯಾನದ ಒಳಗಿದೆ. 1983ರಲ್ಲಿ ಮಾಡಿದ ಪಾರ್ಕು. ಹಾಗಂತ ಯಾರೂ ಕೈ ಹಾಕಿಲ್ಲ ಅಂತಲ್ಲ. 1990ರ ದಶಕದಲ್ಲಿ ಪಾರ್ಕಿನ ಜಮೀನನ್ನೇ ತುಂಡು ತುಂಡು ಮಾಡಿ ಖಾಸಗಿಯವರ ಹೆಸರಿಗೆ ಬರೆದುಕೊಟ್ಟಿದ್ದರಂತೆ. ಕೇಸು ವರ್ಷಗಟ್ಟಲೆ ನಡೆದು ಕೊನೆಗೆ ಕೋರ್ಟು ಆ ಪತ್ರಗಳನ್ನೆಲ್ಲ ರದ್ದು ಮಾಡಿತು. ಇದನ್ನು ಓದಿ ಹೇಳಿದಾಗ ನನ್ನ ಗಂಡ, "ಓ, ನಮ್ಮ ಕೆರೆ ಒತ್ತುವರಿ ಕೇಸು" ಅಂದ. ಬೆಂಗಳೂರಿನವರಿಗೆ ಬೇರೆ ವಿವರಣೆ ಬೇಕಿಲ್ಲ ಅಲ್ವಾ.

ಹಿಂದೆಯೇ ಇನ್ನೊಂದು ಸುದ್ದಿ ಸಿಕ್ಕಿತು. ಪಕ್ಕದ ಕಾಬೊ ರೋಹೊದಲ್ಲಿ 2024ರಿಂದ ಕ್ರೂಸ್ ಹಡಗುಗಳು ಬಂದು ನಿಲ್ಲುತ್ತಿವೆ, ಹೋಟೆಲುಗಳೂ ಏಳುತ್ತಿವೆ. ಹೋಗುವುದಾದರೆ ಈಗಲೇ ಹೋಗಬೇಕು ಅಂತ ನಾನು ಹಟ ಹಿಡಿದೆ.

ಪ್ಲ್ಯಾನಿಂಗ್ ನಡೆದದ್ದು ಒಂದು ಶನಿವಾರ, ಗೆಳತಿಯ ಮನೆಯ ಊಟದ ಟೇಬಲ್ ಮೇಲೆ. ಅವಳ ಗಂಡ ಎಕ್ಸೆಲ್ ಭಕ್ತ. ಊರಿಂದ ಬಂದ ಉಪ್ಪಿನಕಾಯಿಗೂ ಒಂದು ಶೀಟು ಇಟ್ಟಿರುವ ಮನುಷ್ಯ. ಲ್ಯಾಪ್‌ಟಾಪ್ ತೆಗೆದು "ಅಲ್ಲಿ ಏನೇನಿದೆ ಹೇಳಿ" ಅಂದ. ಏನೂ ಇಲ್ಲ ಅಂದೆ. "ಹಾಗಾದ್ರೆ ಏನೇನಿಲ್ಲ ಅದನ್ನೇ ಹೇಳಿ" ಅಂದ. ಅಲ್ಲಿಂದ ಪಟ್ಟಿ ಶುರುವಾಯಿತು ನೋಡಿ. ನೆರಳಿಲ್ಲ. ಕುಡಿಯುವ ನೀರಿಲ್ಲ. ಫೋನ್ ಸಿಗ್ನಲ್ ನಂಬುವ ಹಾಗಿಲ್ಲ. ಕಾರ್ಡು ನಡೆಯಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಊಟ ಅಂತೂ ದೂರದ ಮಾತು.

ವೀಸಾ ತಲೆನೋವು ಇರಲಿಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಬೇರೆ ವೀಸಾ ಕೇಳುವುದಿಲ್ಲ, ಆನ್‌ಲೈನ್ ಫಾರ್ಮ್ ಒಂದು ತುಂಬಿದರಾಯಿತು. ಚರ್ಚೆ ಆಗಿದ್ದೆಲ್ಲ ರಸ್ತೆಯ ಬಗ್ಗೆ. ರಾಜಧಾನಿ ಸಾಂತೊ ದೊಮಿಂಗೊದಿಂದ ಬಾನಿ, ಅಸುವಾ, ಬರಹೋನಾ, ಆಮೇಲೆ ಸಮುದ್ರ ಹಿಡಿದು ಎನ್ರಿಕಿಯೊ, ಒವಿಯೆದೊ, ಪೆದೆರ್ನಾಲೆಸ್. 300 ಕಿಲೋಮೀಟರ್‌ಗೂ ಜಾಸ್ತಿ. ಅಮೆರಿಕದ ಲೆಕ್ಕದಲ್ಲಿ ಮೂರೂವರೆ ತಾಸು. ಅಲ್ಲಿ ಪ್ರತಿ ಊರಿನ ಬಾಗಿಲಲ್ಲೂ ಹಂಪು, ದೀಪವಿಲ್ಲದೆ ಎದುರು ಬರುವ ಬೈಕುಗಳು, ಬರಹೋನಾ ದಾಟಿದ ಮೇಲೆ ಬೆಟ್ಟದಂಚಿನ ತಿರುವುಗಳು. ಹಾಗಾಗಿ ಒಂದು ನಿಯಮ ಎಲ್ಲರೂ ಒಪ್ಪಿದೆವು, ಕತ್ತಲಾದ ಮೇಲೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಫೆಬ್ರವರಿಯಲ್ಲಿ ಅಲ್ಲಿ ಆರೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಹೋಗುವಾಗ ರಾತ್ರಿ ಬರಹೋನಾದಲ್ಲಿ ಅಂತ ಆಯಿತು.

ಮಿಕ್ಕ ಜಗಳ ಕಾರಿನದು. ದಂಡೆಯ ತನಕ ಕಲ್ಲುಗುಂಡಿಗಳ ಒಂದು ಜಾಡು ಇದೆ, ಫೋರ್ ವೀಲ್ ಡ್ರೈವ್ ಇದ್ದರೆ ಹೋಗಬಹುದು. ನನ್ನ ಗಂಡನಿಗೆ ಅದೇ ಬೇಕು. ಗೆಳತಿ ಸುಮ್ನೆ ಬಾಡಿಗೆ ಕರಾರನ್ನು ಜೋರಾಗಿ ಓದಿದಳು. ಟಾರಿಲ್ಲದ ರಸ್ತೆಯಲ್ಲಿ ಏನೇ ಆದರೂ ಇನ್ಶೂರೆನ್ಸ್ ಇಲ್ಲ. ಮಾತು ಅಲ್ಲಿಗೆ ಮುಗಿಯಿತು. ಲಾ ಕುಏವಾ ಅನ್ನುವ ಮೀನುಗಾರರ ಜಾಗದಲ್ಲಿ ಕಾರು ಬಿಟ್ಟು ದೋಣಿ ಹತ್ತುವುದು. ಕ್ರೂಸ್ ಹಡಗುಗಳ ವೇಳಾಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ನೋಡಿ, ಹಡಗು ಬಾರದ ವಾರದ ದಿನವನ್ನೇ ಆರಿಸಿದೆವು. ಇಡೀ ಪ್ಲ್ಯಾನಿನಲ್ಲಿ ತುಂಬ ಉಪಯೋಗಕ್ಕೆ ಬಂದದ್ದು ಇದೇ ಅಂತ ನನಗನ್ನಿಸುತ್ತದೆ.

ದಾರಿಯ ಬಗ್ಗೆ ಬರೆಯಲು ಹೋದರೆ ಇದು ಮುಗಿಯುವುದಿಲ್ಲ. ಬರಹೋನಾದಲ್ಲಿ ಟ್ಯಾಂಕ್ ತುಂಬಿಸಿ, ಎಟಿಎಮ್‌ನಿಂದ ಪೆಸೊ ತೆಗೆದು, ನೀರಿನ ದೊಡ್ಡ ಕ್ಯಾನುಗಳನ್ನು ಡಿಕ್ಕಿಗೆ ಹಾಕಿ ಬೆಳಿಗ್ಗೆ ಬೇಗ ಹೊರಟೆವು. ಮಕ್ಕಳು ಹಟ ಮಾಡಿದರು ಅಂತ ಲೋಸ್ ಪಾತೋಸ್‌ನಲ್ಲಿ ನಿಲ್ಲಿಸಿದೆವು. ಅದೊಂದು ನದಿ, ಉದ್ದ ಬರೀ 61 ಮೀಟರ್. ಬೆಟ್ಟದ ಬುಡದಲ್ಲಿ ಹುಟ್ಟಿ, ರಸ್ತೆಯ ಸೇತುವೆ ಕೆಳಗೆ ನುಸುಳಿ ಸಮುದ್ರ ಸೇರಿ ಮುಗಿದೇ ಹೋಗುತ್ತದೆ. ನೀರು ಎಷ್ಟು ತಣ್ಣಗೆ ಅಂದ್ರೆ ಕಾಲಿಟ್ಟವಳು ಕೂಗಿಕೊಂಡೆ. ಪಕ್ಕದಲ್ಲಿ ಅಂಗಿ ಒಗೆಯುತ್ತಿದ್ದ ಅಜ್ಜಿ ನಕ್ಕರು.

ಒವಿಯೆದೊ ದಾಟಿದ ಮೇಲೆ ಹಸಿರು ಮಾಯ. ಕಳ್ಳಿ, ಮುಳ್ಳುಪೊದೆ, ಸುಣ್ಣದ ಕಲ್ಲು. ಕಾಬೊ ರೋಹೊ ಹತ್ತಿರ ಬಂದಂತೆ ಮಣ್ಣು ಕೆಂಪಗಾಯಿತು, ಸಂಡೂರಿನ ದಾರಿ ಥರವೇ ಗಿಡದ ಎಲೆ ಮೇಲೆಲ್ಲ ಕೆಂಧೂಳು. ಇಲ್ಲಿಯದು ಬಾಕ್ಸೈಟ್, ಅಲ್ಯೂಮಿನಿಯಂ ಅದಿರು. 1950ರ ದಶಕದ ಕೊನೆಯಿಂದ 80ರ ದಶಕದ ತನಕ ಅಮೆರಿಕದ ಆಲ್ಕೋವಾ ಕಂಪನಿ ಮೇಲಿನ ಬೆಟ್ಟದಲ್ಲಿ ಅಗೆದು ಇಲ್ಲಿಂದಲೇ ಹಡಗಿಗೆ ತುಂಬುತ್ತಿತ್ತು.

ಲಾ ಕುಏವಾದಲ್ಲಿ ದೋಣಿಯವ ಮೊದಲು ಕೇಳಿದ್ದು ವಾಪಸ್ ಯಾವಾಗ ಅಂತ. ನಾಲ್ಕಕ್ಕೆ ಅಂದೆವು. ನಮ್ಮ ಕ್ಯಾನು, ಎರಡು ಕೊಡೆ, ಅವಲಕ್ಕಿ ಡಬ್ಬ ಎಲ್ಲ ನೋಡಿ ಅವನು ಸ್ಪ್ಯಾನಿಷಿನಲ್ಲಿ ಏನೋ ಅಂದ, ಉಳಿದ ದೋಣಿಯವರೆಲ್ಲ ನಕ್ಕರು. ಬಹುಶಃ ಮನೆ ಮಾಡೋಕೆ ಬಂದಿದ್ದಾರೆ ಅಂದಿರಬೇಕು. ಬಂಡೆಗಳನ್ನು ಸುತ್ತಿಕೊಂಡು ದೋಣಿ ತಿರುಗಿತು, ಒಮ್ಮೆಲೇ ಆ ಬಣ್ಣ. ನೀರು ಎಷ್ಟು ತಿಳಿ ಅಂದ್ರೆ ದೋಣಿಯ ನೆರಳು ಕೆಳಗೆ ಮರಳಿನ ಮೇಲೆ ನಮ್ಮ ಜೊತೆ ಓಡುತ್ತಿತ್ತು. ಇಳಿಸಿ ಅವನು ಹೊರಟುಹೋದ. ಆಮೇಲೆ ಆ ಕಡೆ ನೋಡಿದರೂ ಯಾರಿಲ್ಲ, ಈ ಕಡೆ ನೋಡಿದರೂ ಯಾರಿಲ್ಲ.

ಮಕ್ಕಳಿಗೆ ಸ್ವರ್ಗ. ದೊಡ್ಡವರಿಗೆ ಮೊದಲ ಒಂದು ತಾಸು ಸ್ವರ್ಗ, ಆಮೇಲೆ ಬಿಸಿಲು. ಮರಳಿನಿಂದ ಏಳುವ ಬೆಳಕು ಕೊಡೆಯ ಕೆಳಗೂ ಬಿಡಲಿಲ್ಲ. ಕೊಡೆ ಹಾರದಂತೆ ಒಬ್ಬರು ಹಿಡಿದೇ ಕೂರಬೇಕಿತ್ತು, ಅದಕ್ಕೂ ಶೀಟಿನಲ್ಲಿ ಪಾಳಿ ಹಾಕಿದ್ದ ನಮ್ಮ ಎಕ್ಸೆಲ್ ಸ್ವಾಮಿ! ನಕ್ಕಿದ್ದವರೆಲ್ಲ ಪಾಳಿ ಪಾಲಿಸಿದೆವು. ಅವಲಕ್ಕಿಗೆ ಮರಳು ಬಿತ್ತು, ತಿಂದೆವು. ನೀರಿನ ಲೆಕ್ಕ ಮಾತ್ರ ಕರಾರುವಾಕ್. ದೋಣಿ ಕಾಣಿಸಿದಾಗ ಕೊನೆಯ ಕ್ಯಾನಿನ ತಳದಲ್ಲಿ ಎರಡು ಲೋಟದಷ್ಟಿತ್ತು. ಖಾಲಿ ಪ್ಯಾಕೆಟ್ಟು, ಬಾಟಲಿ ಎಲ್ಲ ಚೀಲಕ್ಕೆ ತುಂಬಿ ವಾಪಸ್ ತಂದೆವು. ಕಡಲಾಮೆಗಳು ಮೊಟ್ಟೆಯಿಡುವ ತೀರಗಳಿರುವ ಪಾರ್ಕು ಅದು, ಅಲ್ಲಿ ಬಿಟ್ಟರೆ ಎತ್ತುವವರು ಯಾರು?

ಲಾ ಕುಏವಾದಲ್ಲಿ ಅನ್ನ, ಬೀನ್ಸ್ ಸಾರು, ಕರಿದ ಬಾಳೆಕಾಯಿ ಸಿಕ್ಕಿತು. "ಸಿನ್ ಕಾರ್ನೆ, ಸಿನ್ ಪೆಸ್ಕಾದೊ" (ಮಾಂಸ ಇಲ್ಲದ್ದು, ಮೀನು ಇಲ್ಲದ್ದು) ಅಂತ ಬಾಯಿಪಾಠ ಮಾಡಿಕೊಂಡಿದ್ದು ಸಾರ್ಥಕ. ತಿನ್ನುತ್ತಿರುವಾಗಲೇ ಎಕ್ಸೆಲ್ ಸ್ವಾಮಿ ಫೋನ್ ತೆಗೆದು ಶೀಟಿಗೆ ಹೊಸ ಸಾಲು ಸೇರಿಸಿದ. ಬಾಕ್ಸೈಟಿಗಾಗಿ ಹಾಕಿದ ರಸ್ತೆಯಲ್ಲೇ ಮೇಲೆ ಹೋದರೆ ಕಳ್ಳಿಗಾಡು ಮುಗಿದು ಪೈನ್ ಮರಗಳು, ತುದಿಯಲ್ಲಿ ಪೆಲೆಂಪಿತೋ ಅನ್ನುವ ಭಾರಿ ಆಳದ ಕಣಿವೆ, ನಾಳೆ ಬೆಳಿಗ್ಗೆ ಹೋಗೋಣ ಅಂತ. ರಸ್ತೆ ಟಾರಿಂದಾ ಅಂತ ಗೆಳತಿ ಕೇಳಿದಳು. ಸ್ವಲ್ಪ ದೂರ ಅಂದ. ಅವಳು ಬಾಡಿಗೆ ಕರಾರು ಹುಡುಕತೊಡಗಿದಳು, ನನ್ನ ಗಂಡ ಇನ್ನೊಂದು ಪ್ಲೇಟ್ ಬಾಳೆಕಾಯಿ ಹೇಳಿದ.